ದೊಡ್ಡ ಊರು, ಹಳೇ ಹೋಟೆಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಮದುವೆ, ಆಸ್ಪತ್ರೆ, ಮಕ್ಕಳ ಪರೀಕ್ಷೆ, ದಸರೆ ಅಂತ ಮಲೆನಾಡಿನಿಂದ ದೊಡ್ಡ ಊರುಗಳಿಗೆ ಹೊರಡುವವರು ಹಳೆಯ ಹೋಟೆಲುಗಳ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬಾಡಿಗೆ ದರ ಋತುವಿಗೊಮ್ಮೆ ಬದಲಾಗುವುದರಿಂದ ಮೊತ್ತ ಬರೆದಿಲ್ಲ. ಯಾವ ಹೋಟೆಲಿಗೆ ಫೋನ್ ಮಾಡಿದರೂ ಕೇಳಲೇಬೇಕಾದ್ದನ್ನು ಬರೆದಿದ್ದೇವೆ.

ಪ್ರಶ್ನೆ: ಮುಂಬೈನಲ್ಲಿ ಅಣ್ಣನ ಮಗನ ಮದುವೆ ಇದೆ. ನಾನು, ನನ್ನ ಹೆಂಡತಿ ಇಬ್ಬರೇ ಹೋಗಿ ನಾಲ್ಕು ದಿನ ಇರುವ ಯೋಚನೆ. ಸಮುದ್ರದ ಹತ್ತಿರ, ಹಳೇ ಕಾಲದ ಕಟ್ಟಡದಲ್ಲಿ, ಪಂಚತಾರಾ ದರ ಇಲ್ಲದ ಹೋಟೆಲು ಬೇಕು. ಆದರೆ ಒಂದೇ ಹೋಟೆಲಿನ ಬಗ್ಗೆ ಒಬ್ಬರು ಬಹಳ ಚೆನ್ನಾಗಿದೆ ಅಂತಾರೆ, ಇನ್ನೊಬ್ಬರು ಬೇಡವೇ ಬೇಡ ಅಂತಾರೆ. ಯಾರನ್ನು ನಂಬುವುದು?
*– ನಿವೃತ್ತ ಬ್ಯಾಂಕ್ ನೌಕರರು, ಗೋಪಾಳ, ಶಿವಮೊಗ್ಗ*

ಉತ್ತರ: ಇಬ್ಬರನ್ನೂ ನಂಬಿ. ಅವರು ಬೇರೆ ಬೇರೆ ಕೋಣೆಯಲ್ಲಿ ಇದ್ದು ಬಂದಿದ್ದಾರೆ, ಅಷ್ಟೆ. ಹೊಸ ಹೋಟೆಲಿನಲ್ಲಿ 204ಕ್ಕೂ 304ಕ್ಕೂ ವ್ಯತ್ಯಾಸ ಇರುವುದಿಲ್ಲ. ಹಳೆಯ ಕಟ್ಟಡದಲ್ಲಿ ಹಾಗಲ್ಲ. ಒಂದು ಕೋಣೆ ಮೊದಲಿನ ದೊಡ್ಡ ಹಾಲ್ ಆಗಿರುತ್ತದೆ, ಪಕ್ಕದ್ದು ಅದೇ ಹಾಲನ್ನು ಹಲಗೆ ಹಾಕಿ ಸೀಳಿದ ಅರ್ಧ, ಅದರಾಚೆಯದು ಜಗಲಿಗೆ ಗೋಡೆ ಕಟ್ಟಿ ಮಾಡಿದ್ದು. ದರ ಮಾತ್ರ ಮೂರಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹೋಟೆಲಿನ ಹೆಸರು ನೋಡಿ ಬುಕ್ ಮಾಡಿ ಸುಮ್ಮನಾಗಬೇಡಿ. ನೇರ ಫೋನ್ ಮಾಡಿ, ಕೋಣೆಯನ್ನು ವಿಚಾರಿಸಿ, ಸಂಖ್ಯೆ ಗೊತ್ತುಮಾಡಿಕೊಂಡು ಬುಕ್ ಮಾಡಿ. ಆ್ಯಪ್‌ನಲ್ಲಿ ಕಾಣುವ ಚಿತ್ರ ಸಾಮಾನ್ಯವಾಗಿ ಆ ಹೋಟೆಲಿನ ಅತ್ಯುತ್ತಮ ಕೋಣೆಯದ್ದು.

ಮರೀನ್ ಡ್ರೈವ್ ಉದ್ದಕ್ಕೂ ಇರುವ ದುಂಡು ಮೂಲೆಯ, ಉದ್ದ ಬಾಲ್ಕನಿಯ ಕಟ್ಟಡಗಳು ಆರ್ಟ್ ಡೆಕೊ ಶೈಲಿಯವು. 2018ರಲ್ಲಿ ಯುನೆಸ್ಕೊ ಇವನ್ನೂ, ಓವಲ್ ಮೈದಾನದ ಆಚೆಯ ವಿಕ್ಟೋರಿಯನ್ ಗಾಥಿಕ್ ಕಟ್ಟಡಗಳನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ತಂದಿತು. ಆ ಸಾಲಿನಲ್ಲೇ ಇರುವ ಸೀ ಗ್ರೀನ್ ನಿಮ್ಮ ಬೇಡಿಕೆಗೆ ಹತ್ತಿರದ್ದು. ಚರ್ಚ್‌ಗೇಟ್ ಸ್ಟೇಷನ್ ನಡೆದು ಹೋಗುವಷ್ಟು ದೂರ. ಕೊಲಾಬಾ ಕಡೆ ಬೆಂಟ್ಲೀಸ್‌ನಂಥ ಹಳೇ ಮನೆಗಳಲ್ಲಿ ನಡೆಯುವ ಸಣ್ಣ ಹೋಟೆಲುಗಳಿವೆ. ಅಲ್ಲಿ ಸಮುದ್ರ ಕಾಣದು, ಆದರೆ ಮರಗಳಿರುವ ಅಡ್ಡರಸ್ತೆ, ಗದ್ದಲ ಕಡಿಮೆ.

ಸಮುದ್ರದ ಕಡೆಯ ಕೋಣೆ ಬೇಕೇ ಎಂದು ಒಮ್ಮೆ ಯೋಚಿಸಿ. ಮರೀನ್ ಡ್ರೈವ್ ಪಶ್ಚಿಮಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವವರೆಗೆ ಬಿಸಿಲು ನೇರ ಕೋಣೆಯೊಳಗೆ ಬೀಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಏಸಿ ಇಲ್ಲದೆ ಕೂರಲಾಗದು. ಕೆಳಗಿನ ರಸ್ತೆಯಲ್ಲಿ ವಾಹನಗಳ ಓಡಾಟ ನಿಲ್ಲುವುದು ನಡುರಾತ್ರಿಯ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪುಗಾಳಿಗೂ ಮಳೆಗೂ ಮರದ ಕಿಟಕಿ ಉಬ್ಬಿ, ತೆರೆದರೆ ಮುಚ್ಚದು, ಮುಚ್ಚಿದರೆ ತೆರೆಯದು. ನಿದ್ದೆ ಮುಖ್ಯವಾದರೆ ಹಿಂಭಾಗದ ಕೋಣೆ ತೆಗೆದುಕೊಂಡು, ಸಂಜೆ ರಸ್ತೆ ದಾಟಿ ಕಟ್ಟೆಯ ಮೇಲೆ ಕೂರುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಮದುವೆ ಮನೆಯಿಂದ ದಣಿದು ಬರುವವರಿಗೆ ಇದು ಇನ್ನೂ ನಿಜ.

ಫೋನಿನಲ್ಲಿ ಮೊದಲು ಕೋಣೆಗಳ ನಡುವಿನ ಗೋಡೆ ಕೇಳಿ: ಇಟ್ಟಿಗೆಯದೋ, ಹಲಗೆಯದೋ, ಚಾವಣಿಯವರೆಗೆ ಹೋಗಿದೆಯೋ? 14 ಅಡಿ ಎತ್ತರದ ಕೋಣೆಯಲ್ಲಿ 8 ಅಡಿಗೆ ನಿಂತ ಹಲಗೆಯಾದರೆ ಪಕ್ಕದವರ ಕೆಮ್ಮೂ ನಿಮ್ಮದೇ. ಬಾಗಿಲ ಮೇಲಿನ ಗಾಳಿಕಿಂಡಿಗೆ ಗಾಜು ಇದೆಯೇ ಎಂದೂ ಕೇಳಿ. ಓಣಿಯ ದೀಪ, ಮಾತು ಎರಡೂ ಅಲ್ಲಿಂದಲೇ ಒಳಬರುತ್ತವೆ. ಕೆಳಗಡೆ ಅಡುಗೆಮನೆ ಇದ್ದರೆ ಅದರ ಮೇಲಿನ ಕೋಣೆ ಬೇಡ ಎನ್ನಿ. ರುಬ್ಬುವ ಯಂತ್ರ ಬೆಳಗಿನ ಜಾವಕ್ಕೇ ಶುರುವಾಗುತ್ತದೆ. ಬಚ್ಚಲು ಕೋಣೆಗೆ ಹೊಂದಿಕೊಂಡಿದೆಯೋ, ಓಣಿಯಲ್ಲಿದೆಯೋ ಎಂಬುದನ್ನು ಎರಡು ಸಲ ಕೇಳಿದರೂ ತಪ್ಪಿಲ್ಲ.

ನೀರಿನ ವಿಷಯ ಬೇರೆ. ತಾರಸಿಯ ಟ್ಯಾಂಕಿಯಿಂದ ಇಳಿಯುವ ನೀರಿಗೆ ಪ್ರತಿ 33 ಅಡಿ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ ಸಿಗುತ್ತದೆ. ಮೇಲಿನ ಮಹಡಿಯಲ್ಲಿ ಟ್ಯಾಂಕಿಗೂ ಷವರ್‌ಗೂ ಆರೇಳು ಅಡಿ ಅಂತರವಷ್ಟೇ ಇರುವುದರಿಂದ ಪಂಪ್ ಇಲ್ಲದಿದ್ದರೆ ನೀರು ತೊಟ್ಟಿಕ್ಕುತ್ತದೆ. ಮೇಲಿನ ಮಹಡಿಯೇ ಬೇಕೆಂದರೆ ಬಕೆಟ್ ಸ್ನಾನಕ್ಕೆ ಸಿದ್ಧರಾಗಿ. ಹಳೇ ಕಬ್ಬಿಣದ ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ಬೆಳಗ್ಗೆ ಕೆಂಪಗೆ ಬರುವುದುಂಟು. ಒಂದೆರಡು ನಿಮಿಷ ಬಿಟ್ಟರೆ ತಿಳಿಯಾಗುತ್ತದೆ. ಆಗದಿದ್ದರೆ ಕೋಣೆ ಬದಲಿಸಲು ಹೇಳಿ. ಬಿಸಿನೀರಿಗೆ 15 ಲೀಟರಿನ, 2 ಕಿಲೋವಾಟ್ ಗೀಸರು ಇದ್ದರೆ ಕಾಯಲು ಸುಮಾರು 20 ನಿಮಿಷ ಬೇಕು. ತಣ್ಣೀರು ಬೆರೆಸಿದರೆ ಅದರಿಂದ ಸಿಗುವುದು ಎರಡು ಬಕೆಟ್. ಮೊದಲಿನವರ ಸ್ನಾನ ಮುಗಿದ ಮೇಲೆ ಮತ್ತೆ ಸ್ವಿಚ್ ಹಾಕಿ ಕಾಯಿರಿ. ಒಟ್ಟಿಗೆ ಕಾಯಿಸಿ ಹೊತ್ತು ಕಟ್ಟಿ ಬಿಸಿನೀರು ಬಿಡುವ ಕಡೆ ಆ ಹೊತ್ತು ಯಾವುದೆಂದು ಕೇಳಿಟ್ಟುಕೊಳ್ಳಿ.

ಇನ್ನೊಂದು ಮಾತು. ದಕ್ಷಿಣ ಮುಂಬೈನಲ್ಲಿ ಆಟೋ ಓಡುವುದಿಲ್ಲ, ಟ್ಯಾಕ್ಸಿ ಮಾತ್ರ. ಮದುವೆ ಛತ್ರ ಮಾಟುಂಗಾ, ಮುಲುಂಡ್ ಕಡೆ ಇದ್ದರೆ ಹೋಟೆಲಿನ ದರಕ್ಕೆ ದಿನದ ಟ್ಯಾಕ್ಸಿ ಖರ್ಚು ಸೇರಿಸಿ ನೋಡಿ. ಲೋಕಲ್ ರೈಲು ಹತ್ತಬಲ್ಲವರಾದರೆ ಚಿಂತೆಯಿಲ್ಲ.

ಪ್ರಶ್ನೆ: ಅಮ್ಮನಿಗೆ 72 ವರ್ಷ, ಮಂಡಿನೋವು. ಹಳೇ ಹೋಟೆಲಿನಲ್ಲಿ ಉಳಿಯುವ ಆಸೆ ಅವರದ್ದೇ. ಫೋನ್ ಮಾಡಿದರೆ "ಒಂದನೇ ಮಹಡಿ ಅಷ್ಟೇ ಮೇಡಂ, ಲಿಫ್ಟ್ ಬೇಕಾಗಲ್ಲ" ಅಂತಾರೆ. ಕರೆದುಕೊಂಡು ಹೋಗಬಹುದಾ?
*– ಗೃಹಿಣಿ, ತೀರ್ಥಹಳ್ಳಿ*

ಉತ್ತರ: ಮಹಡಿ ಎಷ್ಟನೆಯದು ಎಂದು ಕೇಳಬೇಡಿ, ಮೆಟ್ಟಿಲು ಎಷ್ಟು ಎಂದು ಕೇಳಿ. ಇಂದಿನ ಕಟ್ಟಡದಲ್ಲಿ ಒಂದು ಮಹಡಿ 10 ಅಡಿ. 7 ಅಂಗುಲದ ಮೆಟ್ಟಿಲಾದರೆ 17 ಹತ್ತಬೇಕು. ಹಳೆಯದರಲ್ಲಿ ಮಹಡಿಯ ಎತ್ತರ 14ರಿಂದ 16 ಅಡಿ ಇರುವುದರಿಂದ 24ರಿಂದ 27 ಮೆಟ್ಟಿಲಾಗುತ್ತದೆ. ಬೀದಿಯಿಂದ ಬಾಗಿಲಿಗೆ ಏರುವ ನಾಲ್ಕೈದು ಬೇರೆ. "ಒಂದನೇ ಮಹಡಿ ಅಷ್ಟೇ" ಅನ್ನುವುದು ಮಂಡಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡನೇ ಮಹಡಿ. ನಡುವೆ ತಿರುವಿನಲ್ಲಿ ನಿಂತು ಸುಧಾರಿಸಿಕೊಳ್ಳಲು ಜಾಗ ಇದೆಯೇ, ಎರಡೂ ಕಡೆ ಕೈಹಿಡಿ ಇದೆಯೇ ಕೇಳಿ. ನಮ್ಮ ಕಡೆಯ ಉಪ್ಪರಿಗೆ ಮನೆಗಳ ಏಣಿಮೆಟ್ಟಿಲು ಹತ್ತಿ ರೂಢಿಯಿದ್ದವರಿಗೂ ದಿನಕ್ಕೆ ನಾಲ್ಕು ಸಲ ಹತ್ತಿಳಿಯುವುದು ಕಷ್ಟವೇ.

ಲಿಫ್ಟ್ ಇದೆ ಎಂದರೆ ಎಂಥದ್ದು ಎಂದು ಕೇಳಿ. ಕಬ್ಬಿಣದ ಜಾಲರಿ ಬಾಗಿಲಿನ ಹಳೇ ಲಿಫ್ಟಿಗೆ ಒಳಗೊಂದು, ಹೊರಗೊಂದು ಬಾಗಿಲು. ಎರಡೂ ಪೂರ್ತಿ ಮುಚ್ಚಿದರೆ ಮಾತ್ರ ಅದು ಕದಲುತ್ತದೆ. ಮೇಲಿನ ಮಹಡಿಯಲ್ಲಿ ಇಳಿದವರು ಬಾಗಿಲು ಸರಿಯಾಗಿ ಎಳೆಯದೆ ಹೋದರೆ ಲಿಫ್ಟು ಅಲ್ಲೇ ನಿಲ್ಲುತ್ತದೆ, ಕೆಳಗಿನವರು ಕಾಯುತ್ತಾರೆ. ಅದನ್ನು ನಡೆಸಲು ಆಳು ಇರುವ ಕಡೆ ರಾತ್ರಿಯೂ ಇರುತ್ತಾರೆಯೇ ತಿಳಿದುಕೊಳ್ಳಿ. ಜಾಲರಿಯೊಳಗೆ ಸೆರಗು, ಬೆರಳು ಸಿಗದಂತೆ ಅಮ್ಮನನ್ನು ನಡುವೆ ನಿಲ್ಲಿಸಿಕೊಳ್ಳಿ.

ಹಿರಿಯರು ಬೀಳುವುದು ಹೆಚ್ಚಾಗಿ ಬಚ್ಚಲಿನ ಬಾಗಿಲಲ್ಲಿ. ಹಳೇ ಕೋಣೆಗೆ ಆಮೇಲೆ ಬಚ್ಚಲು ಕೂಡಿಸಿದಾಗ ಪೈಪು ಹಾಯಿಸಲು ಅದರ ನೆಲವನ್ನು ಅರ್ಧ ಅಡಿಯಷ್ಟು ಎತ್ತರಿಸಿರುತ್ತಾರೆ. ರಾತ್ರಿ ಎದ್ದವರಿಗೆ ಆ ಮೆಟ್ಟಿಲು ಕಾಣುವುದಿಲ್ಲ. ಬಚ್ಚಲಿನ ದೀಪ ಹಚ್ಚಿಟ್ಟು ಬಾಗಿಲು ಸ್ವಲ್ಪ ತೆರೆದಿಡಿ, ಒದ್ದೆ ಕಾಲೊರಸು ಮೆಟ್ಟಿಲ ಬಳಿ ಬೇಡ. ಕಮೋಡಿನ ಪಕ್ಕ ಹಿಡಿ ಇಲ್ಲದಿದ್ದರೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಕೇಳಿ ಒಳಗಿಡಿಸಿ, ಸ್ನಾನಕ್ಕೂ ಆಗುತ್ತದೆ. ನೆಲಮಹಡಿಯ ಕೋಣೆ ಸಿಕ್ಕರೆ ಸ್ವಲ್ಪ ಕತ್ತಲೆಯಿದ್ದರೂ ಅದನ್ನೇ ಹಿಡಿಯಿರಿ.

ಪ್ರಶ್ನೆ: ಕುಂದಾಪುರದಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಗ್ಗೆ ಬೇಗ ಮುಂಬೈ. ಹೋಟೆಲಿನವರು ಮಧ್ಯಾಹ್ನ 12ಕ್ಕೆ ಬನ್ನಿ ಅಂತಾರೆ. ಅಲ್ಲೀತನಕ ಮಕ್ಕಳು, ಸಾಮಾನು ಕಟ್ಟಿಕೊಂಡು ಎಲ್ಲಿರುವುದು?
*– ಶಿಕ್ಷಕರು, ಹೊಸನಗರ*

ಉತ್ತರ: ಬುಕ್ ಮಾಡುವಾಗಲೇ ಕೋಣೆಯ ದಿನ ಯಾವಾಗ ಶುರುವಾಗುತ್ತದೆ ಎಂದು ಕೇಳಿ. ಹಳೇ ಲಾಡ್ಜುಗಳಲ್ಲಿ ಕೆಲವು ಕಡೆ ಇನ್ನೂ 24 ಗಂಟೆಯ ಲೆಕ್ಕವಿದೆ: ಬೆಳಗ್ಗೆ 7ಕ್ಕೆ ಬಂದರೆ ಮರುದಿನ 7ರವರೆಗೆ. ರಾತ್ರಿ ರೈಲಿಗೆ ಬರುವ ನಮ್ಮಂಥವರಿಗೆ ಇದರಿಂದ ಅರ್ಧ ದಿನದ ಬಾಡಿಗೆ ಉಳಿಯುತ್ತದೆ. 12 ಗಂಟೆಯ ನಿಯಮವಿರುವ ಕಡೆಯೂ ಸಾಮಾನು ಇಟ್ಟುಕೊಳ್ಳಲು ಸಾಮಾನ್ಯವಾಗಿ ಒಪ್ಪುತ್ತಾರೆ. ಮುಖ ತೊಳೆಯಲು ಓಣಿಯ ಬಚ್ಚಲು ಬಳಸಬಹುದೇ ಎಂದು ಮೊದಲೇ ಕೇಳಿಡಿ.

ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟ್ ಇದ್ದರೆ ದೊಡ್ಡ ಸ್ಟೇಷನ್‌ಗಳ ರಿಟೈರಿಂಗ್ ರೂಮನ್ನು ಐಆರ್‌ಸಿಟಿಸಿಯಲ್ಲಿ ಪಿಎನ್‌ಆರ್ ಹಾಕಿ ಕಾದಿರಿಸಬಹುದು. ಕ್ಲೋಕ್ ರೂಮಿನಲ್ಲಿ ಬೀಗ ಹಾಕದ ಚೀಲ ತೆಗೆದುಕೊಳ್ಳುವುದಿಲ್ಲ. ಹೊರಡುವ ಮೊದಲೇ ಎಲ್ಲಕ್ಕೂ ಸಣ್ಣ ಬೀಗ ಹಾಕಿ. ಮತ್ಸ್ಯಗಂಧ ನಿಲ್ಲುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಪಕ್ಕದ ತಿಲಕ್ ನಗರ ಸ್ಟೇಷನ್‌ನಿಂದ ಹಾರ್ಬರ್ ಲೈನ್‌ನ ಲೋಕಲ್ ಹಿಡಿದರೆ ನೇರ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್). ಎಂಟು ಗಂಟೆಯ ನಂತರ ಆ ದಿಕ್ಕಿನ ಗಾಡಿಗಳು ಕಿಕ್ಕಿರಿಯುತ್ತವೆ. ಮಕ್ಕಳಿದ್ದರೆ ಅದಕ್ಕೆ ಮೊದಲೇ ಹತ್ತಿಬಿಡಿ. ರೈಲು ತಡವಾಗಿದ್ದರೆ ಟ್ಯಾಕ್ಸಿಯೇ ಸರಿ.

ಪ್ರಶ್ನೆ: ಹಳೇ ಹೋಟೆಲಿನ ಕೋಣೆಗಳಲ್ಲಿ ಒಂದು ತರಹದ ಮುಗ್ಗು ವಾಸನೆ. ಸುಣ್ಣ ಬಳಿದರೂ ಹೋಗಲ್ವಾ?
*– ಸಾಗರದ ಓದುಗರು*

ಉತ್ತರ: ಸುಣ್ಣ ಬಳಿದಿದ್ದರೆ ಹೋಗುತ್ತಿತ್ತು. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಎಣ್ಣೆ ಪೇಂಟೋ ಪ್ಲಾಸ್ಟಿಕ್ ಪೇಂಟೋ ಹೊಡೆದರೆ ತೇವ ಒಳಗೇ ಸಿಕ್ಕಿಬಿದ್ದು, ಬಣ್ಣ ಗುಳ್ಳೆಯೆದ್ದು ಸುಲಿಯುತ್ತದೆ, ಬೂಷ್ಟು ಕೂರುತ್ತದೆ. ಮಳೆಗಾಲ ಕಳೆದ ಮೇಲೆ ಕಂಬಳಿ ಪೆಟ್ಟಿಗೆ ತೆರೆದಾಗ ಬರುವಂಥ ಆ ವಾಸನೆ ಅದರದ್ದೇ. ಏಸಿ ಕೂರಿಸಿ ಕಿಟಕಿ ಕಾಯಂ ಮುಚ್ಚಿದ ಕೋಣೆಯಲ್ಲಿ ಇನ್ನೂ ಹೆಚ್ಚು.

ಕೀಲಿ ತೆಗೆದುಕೊಳ್ಳುವ ಮೊದಲು ಎರಡು ಕೋಣೆ ತೋರಿಸಲು ಕೇಳಿ. ಬಚ್ಚಲಿಗೆ ಅಂಟಿದ ಗೋಡೆಯನ್ನು ನೆಲದಿಂದ ಮೂರು ಅಡಿಯೊಳಗೆ ಅಂಗೈ ಇಟ್ಟು ನೋಡಿ. ತಣ್ಣಗೆ ಒದ್ದೆಯಾಗಿದ್ದರೆ, ಬಣ್ಣ ಪುಡಿಯಾಗಿ ಕೈಗೆ ಹತ್ತಿದರೆ ಬೇಡ. ಬಾಗಿಲು ತೆಗೆದ ಕೂಡಲೇ ಸುವಾಸನೆಯ ಸ್ಪ್ರೇ ಮೂಗಿಗೆ ಹೊಡೆದರೆ ಏನನ್ನೋ ಮುಚ್ಚಲು ಹೊಡೆದದ್ದು. ಕಿಟಕಿ ತೆರೆದು ಅರ್ಧ ಗಂಟೆ ಫ್ಯಾನ್ ಹಾಕಿದ ಮೇಲೂ ವಾಸನೆ ಉಳಿದರೆ ಅಸ್ತಮಾ ಇರುವವರು ಅಲ್ಲಿ ಮಲಗಬಾರದು.

ಪ್ರಶ್ನೆ: ದಸರೆಗೆ ಮೈಸೂರಿಗೆ ಹೋಗಿ ಅರಸರ ಕಾಲದ ಕಟ್ಟಡದಲ್ಲಿ ಎರಡು ರಾತ್ರಿ ಇರಬೇಕು ಅಂತ ಮನೆಯವರ ಆಸೆ. ನಮ್ಮ ಕೈಗೆಟುಕುತ್ತದೆಯೇ?
*– ಕಾರ್ಖಾನೆ ನೌಕರರು, ಭದ್ರಾವತಿ*

ಉತ್ತರ: ದಸರೆ ಬಿಟ್ಟು ಬೇರೆ ದಿನವಾದರೆ ಎಟುಕೀತು. ಹುಣಸೂರು ರಸ್ತೆಯ ಗ್ರೀನ್ ಹೋಟೆಲ್ ಇರುವುದು ಅರಸು ಮನೆತನದ ಹೆಣ್ಣುಮಕ್ಕಳಿಗಾಗಿ ಕಟ್ಟಿಸಿದ ಚಿತ್ತರಂಜನ್ ಅರಮನೆಯಲ್ಲಿ. ಸೇವಾಕಾರ್ಯಕ್ಕೆಂದೇ ನಡೆಸುವ ಹೋಟೆಲು ಅದು, ದೊಡ್ಡ ತೋಟವಿದೆ. ಇಲ್ಲಿ ಗಮನಿಸಬೇಕಾದ್ದು: ಅರಮನೆಯೊಳಗಿನ ಕೋಣೆಗಳು ಕೆಲವೇ, ದರವೂ ಹೆಚ್ಚು, ಕಡಿಮೆ ದರದವು ತೋಟದ ಕಡೆ ಆಮೇಲೆ ಕಟ್ಟಿದ ಸಾಲಿನಲ್ಲಿವೆ. ಯಾವ ಪಾರಂಪರಿಕ ಹೋಟೆಲಿಗೆ ಹೋದರೂ "ಈ ಕೋಣೆ ಹಳೇ ಕಟ್ಟಡದಲ್ಲೇ ಇದೆಯಾ?" ಎಂದು ಕೇಳದೆ ಹಣ ಕಟ್ಟಬೇಡಿ. ತೋಟದ ಕೋಣೆಯಲ್ಲಿ ಮಲಗಿ, ತಿಂಡಿಗೆ, ಓದಿಗೆ ಅರಮನೆಯ ಜಗಲಿಯಲ್ಲಿ ಕೂತರೂ ಹಣಕ್ಕೆ ಮೋಸವಿಲ್ಲ.

ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಹೊಯ್ಸಳ ಕೂಡ ಹಳೆಯ ಕಟ್ಟಡದಲ್ಲಿದೆ. ಜೋಗದ ಮಯೂರ ಗೇರುಸೊಪ್ಪದಲ್ಲಿ ಉಳಿದವರಿಗೆ ನಿಗಮದ ವ್ಯವಸ್ಥೆ ಗೊತ್ತೇ ಇರುತ್ತದೆ. ಮೆಟ್ರೊಪೋಲ್ ಹೋಟೆಲು ಮೈಸೂರು ಮಹಾರಾಜರು ಬ್ರಿಟಿಷ್ ಅತಿಥಿಗಳಿಗೆಂದು 1920ರಲ್ಲಿ ಕಟ್ಟಿಸಿದ್ದು. ದರ ಮೇಲಿನ ಮಟ್ಟದ್ದು, ಅಂಗಳದಲ್ಲಿ ಒಂದು ಊಟ ಮಾಡಿ ನೋಡಿಬರಬಹುದು. ಗಾಂಧಿ ಚೌಕದ ದಾಸಪ್ರಕಾಶ ಕೆ. ಸೀತಾರಾಮ ರಾವ್ ಅವರು ಬೆಳೆಸಿದ ಹೆಸರು. ಅರಮನೆಗೆ, ದೇವರಾಜ ಮಾರುಕಟ್ಟೆಗೆ ಕಾಲ್ನಡಿಗೆಯ ದೂರ.

ದಸರೆಯಲ್ಲೇ ಹೋಗುವುದಾದರೆ ತಿಂಗಳುಗಳ ಮೊದಲೇ ಕಾದಿರಿಸಬೇಕು, ಮಾಮೂಲಿ ದರ ನಿರೀಕ್ಷಿಸಬಾರದು. ಜಂಬೂಸವಾರಿಯ ದಿನ ಅರಮನೆ, ಸಯ್ಯಾಜಿರಾವ್ ರಸ್ತೆಯ ಸುತ್ತ ವಾಹನ ಬಿಡುವುದಿಲ್ಲ. ನಡುವೂರಿನ ಹೋಟೆಲಿಗೆ ಹಿಂದಿನ ದಿನವೇ ಸೇರಿಕೊಳ್ಳಿ. ಇಲ್ಲವಾದರೆ ಸಾಮಾನು ಹೊತ್ತು ಜನಜಂಗುಳಿಯಲ್ಲಿ ನಡೆಯಬೇಕಾಗುತ್ತದೆ. ದೀಪಾಲಂಕಾರವಷ್ಟೇ ನೋಡುವ ಆಸೆಯಾದರೆ ವರ್ಷವಿಡೀ ಭಾನುವಾರ ಸಂಜೆ ಅರಮನೆಗೆ ದೀಪ ಹಾಕುತ್ತಾರೆ. ಸಾಧಾರಣ ತಿಂಗಳ ಒಂದು ಶನಿವಾರ, ಭಾನುವಾರ ಹೋಗಿಬನ್ನಿ ಎಂದೇ ನಾವು ಹೇಳುವುದು.

ಪ್ರಶ್ನೆ: ಬೆಂಗಳೂರಲ್ಲಿ ಇಂಥದ್ದು ಇಲ್ವಾ?
*– ಕಾಲೇಜು ವಿದ್ಯಾರ್ಥಿ, ಕೊಪ್ಪ*

ಉತ್ತರ: ಕಡಿಮೆ. 1887ರಲ್ಲಿ ಬೋರ್ಡಿಂಗ್ ಮನೆಯಾಗಿ ಶುರುವಾದ ವೆಸ್ಟ್ ಎಂಡ್ ಇಂದು ಪಂಚತಾರಾ ಹೋಟೆಲು. ಕೈಗೆಟುಕುವ ಹಳತು ಎಂದರೆ ಛತ್ರಗಳು. ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ ಹತ್ತಿರದ ಗುಬ್ಬಿ ತೋಟದಪ್ಪನವರ ಧರ್ಮಛತ್ರದ ಮೂಲ 1897ರದ್ದು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಛತ್ರಗಳಿಗೆ ಅವವುಗಳದ್ದೇ ನಿಯಮ ಇರುತ್ತದೆ: ಎಷ್ಟು ದಿನ ಇರಬಹುದು, ರಾತ್ರಿ ಬಾಗಿಲು ಎಷ್ಟಕ್ಕೆ ಹಾಕುತ್ತಾರೆ, ಒಬ್ಬರೇ ಬಂದರೆ ಕೊಡುತ್ತಾರೆಯೇ. ಹೊರಡುವ ಮೊದಲು ಕಚೇರಿಗೆ ಫೋನ್ ಮಾಡಿ, ಮೂಲ ಗುರುತಿನ ಚೀಟಿ ಕೈಯಲ್ಲಿರಲಿ.

ಪ್ರಶ್ನೆ: ಮುಂಬೈನ ವಾಟ್ಸನ್ ಹೋಟೆಲಿನಲ್ಲಿ ಭಾರತದ ಮೊದಲ ಸಿನಿಮಾ ಪ್ರದರ್ಶನ ಆಯಿತು ಅಂತ ಓದಿದ್ದೆ. ಅಲ್ಲಿ ರೂಮ್ ಸಿಗುತ್ತಾ?
*– ಓದುಗರು, ಶೃಂಗೇರಿ*

ಉತ್ತರ: ಇಲ್ಲ, ಅದು ಈಗ ಹೋಟೆಲಲ್ಲ. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಭಾಗಗಳನ್ನು ಹಡಗಿನಲ್ಲಿ ತಂದು ಜೋಡಿಸಿದ ಕಟ್ಟಡ ಅದು. ಲೂಮಿಯೇರ್ ಸಹೋದರರ ಚಿತ್ರಗಳನ್ನು 1896ರ ಜುಲೈ 7ರಂದು ತೋರಿಸಿದ್ದು ಅಲ್ಲೇ. ಹೋಟೆಲು ಮುಚ್ಚಿದ ಮೇಲೆ ಎಸ್‌ಪ್ಲನೇಡ್ ಮ್ಯಾನ್ಷನ್ ಎಂಬ ಹೆಸರಲ್ಲಿ ಸಣ್ಣ ಸಣ್ಣ ಕೋಣೆಗಳಾಗಿ ಒಡೆಯಿತು, ದುರಸ್ತಿಯಿಲ್ಲದೆ ಸೊರಗಿತು. 2005ರಲ್ಲಿ ಒಂದು ಭಾಗ ಕುಸಿದು ಜೀವಹಾನಿಯಾಯಿತು. ಕಾಳಾ ಘೋಡಾದಲ್ಲಿ ರಸ್ತೆಯಿಂದಲೇ ನೋಡಿ.

ಉಳಿಯಲು ಆರಿಸುವ ಹಳೇ ಕಟ್ಟಡದಲ್ಲೂ ಇದೇ ಕಣ್ಣಿರಲಿ. ಬಾಲ್ಕನಿಯ ಅಡಿಯಲ್ಲಿ ಸಿಮೆಂಟು ಉದುರಿ ಕಂಬಿ ತುಕ್ಕು ಹಿಡಿದಿದ್ದರೆ ಅದರ ಮೇಲೆ ನಿಲ್ಲಬೇಡಿ. ಇರುವುದೊಂದೇ ಮರದ ಮೆಟ್ಟಿಲಾದರೆ ಮೇಲಿನ ಮಹಡಿ ಬೇಡ. ಬೆಂಕಿ ಬಿದ್ದರೆ ಹೊಗೆ ಏರುವ ದಾರಿಯೂ ಅದೇ. ಎರಡನೇ ದಾರಿಗೆ ರಾತ್ರಿ ಬೀಗ ಹಾಕುತ್ತಾರೆಯೇ, ಕೀಲಿ ಎಲ್ಲಿರುತ್ತದೆ ಎಂದು ಕೇಳಲು ಸಂಕೋಚ ಬೇಡ. ನೀರು ಕಾಯಿಸುವ ಕಾಯಿಲ್ ಹಾಕಲೇಬೇಡಿ: 1,500 ವಾಟಿನದು ಆರೂವರೆ ಆಂಪಿಯರ್ ಎಳೆಯುತ್ತದೆ, ಕೋಣೆಯ ಸಣ್ಣ ಪ್ಲಗ್ ಇರುವುದು 6 ಆಂಪಿಯರಿಗೆ. ಮೊದಲು ಬಿಸಿಯಾಗುವುದು ಹಳೇ ವೈರಿನ ಜೋಡಣೆ.

ಪ್ರಶ್ನೆ: ಗೂಗಲ್‌ನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿ ಮುಂಗಡ ಕಳಿಸಿದೆವು. ಹೋಟೆಲಿಗೆ ಹೋದರೆ ನಿಮ್ಮ ಹೆಸರೇ ಇಲ್ಲ ಅಂದರು. ದುಡ್ಡು ಹೋದಂತೆಯೇ?
*– ಅಡಿಕೆ ಬೆಳೆಗಾರರು, ಶಿಕಾರಿಪುರ ತಾಲ್ಲೂಕು*

ಉತ್ತರ: ಹೆಸರಾದ ಹೋಟೆಲುಗಳಿಗೆ ನಕಲಿ ನಂಬರು ಅಂಟಿಸಿ ಹಣ ಹೊಡೆಯುವುದು ಈಗ ಎಲ್ಲ ಊರಲ್ಲೂ ಇದೆ. ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ಹಣ ಆ ಖಾತೆಯಿಂದ ಹೊರಹೋಗುವ ಮೊದಲು ತಡೆದರೆ ವಾಪಸು ಬರುವ ಸಾಧ್ಯತೆ ಇದೆ. ಮೊದಲ ಕೆಲವು ಗಂಟೆಗಳೇ ಮುಖ್ಯ. ಮುಂದಿನ ಸಲ ನಂಬರನ್ನು ಹೋಟೆಲಿನ ಸ್ವಂತ ಜಾಲತಾಣದ್ದರೊಂದಿಗೆ ಹೋಲಿಸಿ. ಯುಪಿಐನಲ್ಲಿ ಹಣ ಒತ್ತುವ ಮುನ್ನ ಕಾಣುವ ಹೆಸರು ಹೋಟೆಲಿನದೋ, ಅದನ್ನು ನಡೆಸುವ ಸಂಸ್ಥೆಯದೋ ಆಗಿರಬೇಕು. ಯಾರೋ ವ್ಯಕ್ತಿಯ ಹೆಸರು ಬಂದರೆ ನಿಲ್ಲಿಸಿ. ಪೂರ್ತಿ ಹಣ ಮೊದಲೇ ಕೊಡಿ, ಈಗಲೇ ಕೊಟ್ಟರೆ ರಿಯಾಯಿತಿ ಎಂದು ಅವಸರಪಡಿಸುವ ಕಡೆ ಮಾತೇ ಬೇಡ.

ಪ್ರಶ್ನೆ: ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗಳ ಜೊತೆ ಹೋದಾಗ ಒಂದು ಹಳೇ ಲಾಡ್ಜಿನಲ್ಲಿ ರೂಮು ಖಾಲಿಯಿದ್ದರೂ ಕೊಡಲಿಲ್ಲ. ಯಾಕೆ?
*– ಅಜ್ಜಿ, ವಿನೋಬನಗರ, ಶಿವಮೊಗ್ಗ*

ಉತ್ತರ: ವಿದೇಶಿ ಪಾಸ್‌ಪೋರ್ಟ್ ಇರುವವರು ಉಳಿದರೆ ಹೋಟೆಲಿನವರು 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು, ಸಿ ಫಾರಂ ಎಂದು ಕರೆಯುವುದು ಇದನ್ನೇ. ಅದಕ್ಕೆ ನೋಂದಣಿ ಮಾಡಿಸಿಕೊಳ್ಳದ ಸಣ್ಣ ಲಾಡ್ಜುಗಳು ರಗಳೆ ಬೇಡವೆಂದು ಕೋಣೆಯನ್ನೇ ಕೊಡುವುದಿಲ್ಲ. ಮೊದಲೇ ಫೋನ್ ಮಾಡಿ "ಸಿ ಫಾರಂ ಮಾಡ್ತೀರಾ?" ಎಂದು ಕೇಳಿಬಿಡಿ, ಅಜ್ಜಿ. ಮೊಮ್ಮಗಳ ಪಾಸ್‌ಪೋರ್ಟ್, ವೀಸಾ ಅಥವಾ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಮೂಲಪ್ರತಿ ಇರಲಿ. ನಿಮಗೆ ಆಧಾರ್ ಸಾಕು, ಮೊದಲ ಎಂಟು ಅಂಕಿ ಮರೆಸಿದ ಪ್ರತಿ ಕೊಟ್ಟರೂ ನಡೆಯುತ್ತದೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ್ದರಿಂದ ಅದನ್ನು ಒಪ್ಪುವುದಿಲ್ಲ.

ಪ್ರಶ್ನೆ: ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕಬೇಕು? ಸರ್ವಿಸ್ ಚಾರ್ಜ್ ಕೊಡಲೇಬೇಕಾ?
*– ಅಂಗಡಿ ಮಾಲೀಕರು, ಸೊರಬ*

ಉತ್ತರ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದಕ್ಕೂ ಮೇಲ್ಪಟ್ಟದ್ದಕ್ಕೆ ಶೇ. 18. ಕೋಣೆ 2,400 ರೂ. ಎಂದಾದರೆ ಎರಡು ದಿನಕ್ಕೆ 4,800, ತೆರಿಗೆ 240, ಒಟ್ಟು 5,040 ರೂ. ಹಳೇ ಲೆಕ್ಕದಂತೆ ಶೇ. 12 ಹಾಕಿದ್ದರೆ ತಿದ್ದಿಸಿ. ಜಿಎಸ್‌ಟಿ ಸಂಖ್ಯೆ ಇಲ್ಲದ ಬಿಲ್ಲಿನಲ್ಲಿ ತೆರಿಗೆ ಹಾಕುವಂತೆಯೇ ಇಲ್ಲ. ಫೋನಿನಲ್ಲಿ ದರ ಕೇಳುವಾಗ ತೆರಿಗೆ ಸೇರಿಯೋ ಬಿಟ್ಟೋ, ಹೆಚ್ಚುವರಿ ಹಾಸಿಗೆಗೆ ಎಷ್ಟು, ಏಸಿಗೆ ಬೇರೆ ದರವೋ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾವಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಸಲು ಹೇಳಿ, ಒಪ್ಪದಿದ್ದರೆ ಬಿಲ್ಲಿನ ಫೋಟೊ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕೋಣೆಗೆ ಬಿಸಿನೀರು ತಂದುಕೊಟ್ಟ ಹುಡುಗನಿಗೆ ಕೊಡಬೇಕೆನಿಸಿದ್ದನ್ನು ಅವನ ಕೈಗೇ ಕೊಡಿ.